ಹದಿಮೂರು ಪ್ರಶ್ನೆಗೆ ಒಂದೇ ಗೆರೆ

“ಗೆರಿ ಎಳೀಬ್ಯಾಡ್ರಿ.”

ಕಿಟಕಿಯ ಆಚೆ ಪೆನ್ನು ನಿಂತಿತು. ಪೆನ್ನು ಹಿಡಿದವನು ತಲೆ ಎತ್ತಿದ. ಆದರೆ ನೇರವಾಗಿ ನೋಡಲಿಲ್ಲ, ಮುಖವನ್ನು ಎಡಕ್ಕೆ ಹೊರಳಿಸಿಕೊಂಡ. ಸೊಕ್ಕು... ಎಂದುಕೊಂಡಳು ಸಪನಾ.

“ಏನಂದ್ರಿ?”

“ಗೆರಿ ಎಳೀಬ್ಯಾಡ್ರಿ ಅಂದೆ. ಒಂದೊಂದ ಕೇಳ್ರಿ, ನಾ ಹೇಳ್ತೀನಿ.”

ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಹಾರೂಗೇರಿ ಕಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಹಂಗಾಮಿ ನೌಕರರೆಲ್ಲ ಪ್ರತಿ ವರ್ಷ ಹೊಸದಾಗಿ ಅರ್ಜಿ ತುಂಬಬೇಕು. ಅರ್ಜಿ ಇಂಗ್ಲಿಷಿನಲ್ಲಿ. ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ಮರಾಠಿ ಶಾಲೆ ಕಲಿತವರು, ಉಳಿದರ್ಧ ಕನ್ನಡ ಶಾಲೆ. ಹಾಗಾಗಿ ಹಾಜರಿ ಬರೆಯುವ ಟೈಮ್ ಆಫೀಸಿನ ಕ್ಲರ್ಕೇ ಎಲ್ಲರ ಅರ್ಜಿ ತುಂಬುತ್ತಿದ್ದ. ಎರಡನೇ ಪುಟದಲ್ಲಿ ಆರೋಗ್ಯದ ಬಗ್ಗೆ ಹದಿಮೂರು ಪ್ರಶ್ನೆ. ಫಿಟ್ಸ್ ಬರುತ್ತದೆಯೇ, ಕಿವಿ ಕೇಳಿಸುತ್ತದೆಯೇ, ಮೂಳೆ ಮುರಿದಿತ್ತೇ, ಆಪರೇಷನ್ ಆಗಿದೆಯೇ... ಕ್ಲರ್ಕ್ ಒಂದನ್ನೂ ಕೇಳುತ್ತಿರಲಿಲ್ಲ. ‘ತೊಂದರೆ ಇಲ್ಲ’ ಎನ್ನುವ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದು ಸಹಿ ಹಾಕಿಸಿಕೊಳ್ಳುತ್ತಿದ್ದ. ವರ್ಷಗಳಿಂದ ಹೀಗೇ ನಡೆದಿತ್ತು. ಅದು ಸುಳ್ಳು ಎಂದು ಯಾರಿಗೂ ಅನ್ನಿಸಿರಲಿಲ್ಲ, ಪದ್ಧತಿ ಅನ್ನಿಸಿತ್ತು.

“ಎಡತೊಡಿಯೊಳಗ ರಾಡ್ ಐತ್ರಿ,” ಅಂದಳು ಸಪನಾ. “ಆಪರೇಷನ್ ಆಗೇತಿ. ಬರೀರಿ.”

ಅವನು ದನಿ ಇಳಿಸಿದ. “ಬರದ್ರ ನಿಮ್ಮ ಅರ್ಜಿ ಮುಂದ ಹೋಗಂಗಿಲ್ರಿ. ಇಲ್ಲಿ ಅರ್ಧ ಮಂದಿ ಮೈಯಾಗ ಕಬ್ಬಿಣ ಐತಿ. ಯಾರೂ ಬಾಯಿ ಬಿಡಾಂಗಿಲ್ಲ.”

“ಹೋಗದಿದ್ರ ಬಿಡ್ಲಿ. ಬರೀರಿ.”

ಬರೆದ. ಆಮೇಲೆ ಇನ್ನೊಂದು ಖಾಲಿ ಅರ್ಜಿ ಮುಂದಿಟ್ಟು, ಎರಡು ಪ್ರತಿ ಬೇಕು, ಇದಕ್ಕೂ ಸಹಿ ಮಾಡಿರಿ, ನಾನೇ ನಕಲು ಮಾಡಿಕೊಳ್ಳುತ್ತೇನೆ ಅಂದ. ಎಲ್ಲರೂ ಹಾಗೇ ಮಾಡುತ್ತಿದ್ದರು. ಆಕೆಯೂ ಮಾಡಿದಳು.

ಅವನ ಹೆಸರು ಶುಭಮ ಎಂದು ಗೊತ್ತಾದದ್ದು, ಹಿಂದಿನವನೊಬ್ಬ “ಶುಭಮಣ್ಣಾ, ಲಗೂ ಮುಗಸೋ” ಎಂದು ಕೂಗಿದಾಗ.

*

ಸಪನಾ ಅಲಖನೂರಿನವಳು. ಅಪ್ಪ ದಶರಥ, ಅವ್ವ ಸುಂದ್ರವ್ವ ಇಬ್ಬರೂ ಕಬ್ಬು ಕಡಿಯುವವರು. ಹದಿನಾಲ್ಕನೇ ವಯಸ್ಸಿನಲ್ಲಿ ಕಬ್ಬು ಹೇರಿದ ಟ್ರೇಲಿಯ ಮೇಲಿಂದ ಬಿದ್ದಳು. ಗಾಲಿ ತೊಡೆಯ ಮೇಲೆ ಹಾದುಹೋಯಿತು. ಮಿರಜಿನಲ್ಲಿ ಆಪರೇಷನ್ ಆಗಿ ಕಾಲು ಉಳಿಯಿತು, ಬೆರಳಗಲ ಗಿಡ್ಡವಾಗಿ. ಚಪ್ಪಲಿಯೊಳಗೆ ದಪ್ಪ ಅಟ್ಟೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದೆ ಬಿ.ಎಸ್ಸಿ. ಮುಗಿಸಿದಳು.

ಹೋದ ವರ್ಷ ಕಾಗವಾಡದ ಹತ್ತಿರ ಒಂದು ಮಿಲ್ಲಿನಲ್ಲಿ ಕೆಲಸಕ್ಕೆ ಸೇರುವಾಗ ಆಕೆ ಇದನ್ನು ಮುಚ್ಚಿಟ್ಟಿದ್ದಳು. ನಾಲ್ಕು ತಿಂಗಳಿಗೆ ಗೊತ್ತಾಯಿತು. ಮೂವತ್ತು ಹೆಂಗಸರ ಎದುರು ಸೂಪರ್‌ವೈಸರ್ ಆಕೆಯನ್ನು ‘ಸುಳ್ಳಿ’ ಎಂದು ಕರೆದು ಗೇಟಿನ ಹೊರಗೆ ಕಳಿಸಿದ. ಕೆಲಸ ಹೋದದ್ದಕ್ಕಿಂತ ಆ ಒಂದು ಮಾತು ಹೆಚ್ಚು ದಿನ ಚುಚ್ಚಿತು. ಇನ್ನು ಮುಂದೆ ಹಸಿದುಕೊಂಡಿದ್ದರೂ ಸರಿ, ಕೇಳಿದಲ್ಲಿ ನಿಜವನ್ನೇ ಹೇಳುವುದು ಎಂದು ಅಂದೇ ನಿರ್ಧರಿಸಿದ್ದಳು.

ಈ ಸಲ ಕೆಲಸ ಸಿಕ್ಕಿತು! ವಾರಕ್ಕೊಮ್ಮೆ ಕಾರ್ಖಾನೆಗೆ ಬರುವ ಡಾಕ್ಟರ್ ಬಿ.ಪಿ. ನೋಡಿದರು, ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದರು, ಅರ್ಜಿಯ ಮೇಲೆ ಕಣ್ಣಾಡಿಸಿ ಸಹಿ ಮಾಡಿದರು. ರಾಡ್ ವಿಷಯ ಎತ್ತಲೇ ಇಲ್ಲ. ಲ್ಯಾಬಿನಲ್ಲಿ ಕೆಮಿಸ್ಟ್ ಕೆಲಸ. ನಿಜ ಹೇಳಿದರೂ ಕೆಲಸ ಕೊಡುವ ಜನ ಇದ್ದಾರೆ ಎಂದು ಮನೆಯಲ್ಲಿ ಎರಡೆರಡು ಸಲ ಹೇಳಿದಳು. ಸುಂದ್ರವ್ವ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ಕಡೆ ನೋಡಿ ಕೈಮುಗಿದಳು.

ಅಷ್ಟರಿಂದಲೇ ಶುಭಮನ ಮೇಲೆ ಸಪನಾಳಿಗೆ ಮನಸ್ಸಾದದ್ದು. ಹೇಳಿದ್ದನ್ನು ಹೇಳಿದ ಹಾಗೇ ಬರೆದವನು... ಇಂಥವರು ಎಷ್ಟು ಮಂದಿ ಸಿಗುತ್ತಾರೆ? ಪಾಳಿ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೇ ನಡೆಯತೊಡಗಿದರು. ಮೆಟ್ಟಿಲು ಇಳಿಯುವಾಗ ಆಕೆ ಅಡ್ಡಲಾಗಿ ಇಳಿಯುತ್ತಾಳೆ ಎಂಬುದನ್ನು ಇಡೀ ಕಾರ್ಖಾನೆಯಲ್ಲಿ ಗಮನಿಸಿದವನು ಅವನೊಬ್ಬನೇ.

ಒಂದು ಸಂಜೆ ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತ ಆಕೆ ಅವನ ಎಡಕ್ಕೆ ಸರಿದಳು. ಧೈರ್ಯ ತಂದುಕೊಂಡು, ಮೆಲ್ಲಗೆ, ಹೇಳಬೇಕಾದ್ದನ್ನು ಹೇಳಿಯೇಬಿಟ್ಟಳು.

ಅವನು ನಾಲ್ಕು ಹೆಜ್ಜೆ ನಡೆದು, ಚಹಾ ಕುಡಿಯೋಣವೇ ಅಂದ.

ಆಯಿತು. ಅದೇ ಉತ್ತರ ಎಂದುಕೊಂಡಳು. ಆಮೇಲೆ ಎಂಟು ದಿನ ಬೇರೆ ಗೇಟಿನಿಂದ ಹೋದಳು.

*

ಒಂಬತ್ತನೇ ದಿನ ಬಿದ್ದಳು. ತಾಸಿಗೊಮ್ಮೆ ಮೂವತ್ತೆಂಟು ಕಬ್ಬಿಣದ ಮೆಟ್ಟಿಲು ಹತ್ತಿ, ಕುದಿಯುವ ರಸದ ಸ್ಯಾಂಪಲ್ ತರಬೇಕಿತ್ತು. ಯಾರೋ ಚೆಲ್ಲಿದ ಪಾಕದ ಮೇಲೆ ಕಾಲು ಜಾರಿ, ಆರು ಮೆಟ್ಟಿಲು ಉರುಳಿದಳು. ಹಾರೂಗೇರಿಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಆದರೆ ಫಿಲ್ಮಿನಲ್ಲಿ ರಾಡ್ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಮೂರನೇ ದಿನ ಲೇಬರ್ ಆಫೀಸರ್ ಉತ್ತಮ ಸಾಹೇಬರು ಕರೆಸಿದರು. ಹಳೆಯ ಆಪರೇಷನ್ ಮುಚ್ಚಿಟ್ಟು ಸೇರಿದ್ದಕ್ಕೆ ಯಾಕೆ ತೆಗೆದುಹಾಕಬಾರದು ಎಂಬ ನೋಟಿಸು ಕೊಟ್ಟರು. ಆಕೆ, ನಾನು ಬರೆಸಿದ್ದೇನೆ, ಫೈಲು ನೋಡಿರಿ ಅಂದಳು. ಅವರು ಫೈಲು ತಿರುಗಿಸಿ ತೋರಿಸಿದರು.

ಆಕೆಯದೇ ಸಹಿ. ಮೇಲೆ ಹದಿಮೂರು ಪ್ರಶ್ನೆಗೆ ಒಂದೇ ಗೆರೆ.

“ಗೊತ್ತಿಲ್ದನ ಸಹಿ ಮಾಡೀಯೇನವಾ?” ಅಂದರು ಸಾಹೇಬರು, ಬೇಸರದಿಂದ. ಸುಳ್ಳಿ ಅನ್ನಲಿಲ್ಲ. ಅನ್ನುವ ಅಗತ್ಯ ಇರಲಿಲ್ಲ.

ಆಕೆ ಕುಂಟುತ್ತ ಟೈಮ್ ಆಫೀಸಿನ ಕಿಟಕಿಗೆ ಬಂದಳು. ಅಲ್ಲಿಯವರೆಗೆ ಶುಭಮನಿಗೆ ‘ರಿ’ ಬಿಟ್ಟು ಮಾತಾಡಿದವಳಲ್ಲ.

“ಎರಡನೇ ಪ್ರತಿ ಕಳಿಸಿದಿ?”

ಅವನು ಎದ್ದು ನಿಂತ. “ಮೊದಲನೇದ ಕಳಿಸಿದ್ರ ಕೆಲಸ ಸಿಗತಿರ್ಲಿಲ್ಲ. ನಿಮಗ ಚಲೋ ಆಗ್ಲಿ ಅಂತ...”

“ನನಗ ಚಲೋ ಯಾವ್ದು ಅಂತ ನನ್ನ ಕೇಳಿದೇನ?” ಆಕೆ ಕಿಟಕಿಯ ಕಟ್ಟೆಗೆ ಕೈ ಊರಿದಳು. “ಹೋದ ಸಲ ನಾನ ಸುಳ್ಳ ಹೇಳಿದ್ದೆ. ಹೊರಗ ಹಾಕಿದ್ರು, ತಪ್ಪ ನಂದು. ಈ ಸಲ ಖರೆ ಹೇಳೇನಿ. ಅದನ್ನ ನೀ ಕಸಗೊಂಡಿ.”

ಹಾಜರಿ ಹಾಕಿಸಲು ಸಾಲಿನಲ್ಲಿ ನಿಂತವರು ಕೆಳಗೆ ನೋಡಿದರು. ಅವರೆಲ್ಲರ ಅರ್ಜಿಯ ಮೇಲೂ ಅದೇ ಗೆರೆ ಇತ್ತು.

*

ಎರಡು ದಿನ ಸಪನಾ ಮನೆಯಿಂದ ಹೊರಬರಲಿಲ್ಲ. ನೋಟಿಸಿಗೆ ಉತ್ತರ ಬರೆಯಲು ಕೂತರೆ ಒಂದು ಸಾಲೂ ಹೊಳೆಯುತ್ತಿರಲಿಲ್ಲ. ತನ್ನದೇ ಸಹಿಯ ವಿರುದ್ಧ ಏನೆಂದು ಬರೆಯುವುದು?

ಮೂರನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಶುಭಮ ನಿಂತಿದ್ದ. ಸುಂದ್ರವ್ವನಿಗೆ ಜಯಭೀಮ್ ಅಂದ. ಆಕೆಯೂ ಜಯಭೀಮ್ ಅಂದು ಕೂರಲು ಹೇಳಿದಳು. ನೀರು ಕೊಡಲಿಲ್ಲ. ಅವನು ಕೂತು, ಜೇಬಿನಿಂದ ಮಡಚಿದ ಕಾಗದ ತೆಗೆದ.

ಅದು ಮೊದಲನೇ ಪ್ರತಿ. ‘ಎಡತೊಡೆ, ರಾಡ್, ಮಿರಜಿನಲ್ಲಿ ಆಪರೇಷನ್’ ಎಂದು ಇಂಗ್ಲಿಷಿನಲ್ಲಿ ಅವನದೇ ಅಕ್ಷರ. ಕೆಳಗೆ ಆಕೆಯ ಸಹಿ, ಅಂದಿನ ತಾರೀಖು, ಟೈಮ್ ಆಫೀಸಿನ ಮೊಹರು.

“ಹರದ ಒಗೀಬಹುದಿತ್ತಲ್ಲ,” ಅಂದಳು ಸಪನಾ. “ಯಾಕ ಇಟ್ಕೊಂಡಿ?”

“ಆ ಕಿಟಕ್ಯಾಗ ಕುಂತ ಮೂರ ವರ್ಷ ಆತು. ಖರೆ ಬರದದ್ದು ಇದೊಂದ. ಉಳದದ್ದೆಲ್ಲಾ ಗೆರಿನ.” ಕಾಗದ ಮಡಚುತ್ತ ಹೇಳಿದ, “ನಂದೂ ಸೇರಿ.”

ಆಮೇಲೆ ಉಳಿದದ್ದನ್ನೂ ಹೇಳಿದ. ಕ್ಲರ್ಕ್ ಆಗುವ ಮೊದಲು ಎರಡು ಹಂಗಾಮು ಕಬ್ಬು ಕತ್ತರಿಸುವ ಯಂತ್ರದ ಪಕ್ಕ ದುಡಿದಿದ್ದನಂತೆ. ಎಡಗಿವಿ ಪೂರ್ತಿ ಹೋಗಿತ್ತು. ಕಿವಿಯ ಪ್ರಶ್ನೆಯ ಮೇಲೂ ತಾನೇ ಗೆರೆ ಎಳೆದುಕೊಂಡು ಕಿಟಕಿಯಲ್ಲಿ ಕೂತಿದ್ದ. ಅದಕ್ಕೇ ಆ ಮುಖ ಹೊರಳಿಸುವುದು, ಬಲಗಿವಿ ಮುಂದೆ ಬರಲೆಂದು.

ಎಡಗಿವಿ... ಸಪನಾಳಿಗೆ ಟ್ರ್ಯಾಕ್ಟರುಗಳ ಸದ್ದು, ಆ ಸಂಜೆ, ತಾನು ಸರಿದು ನಿಂತ ಮಗ್ಗುಲು ನೆನಪಾದವು. ಆದರೆ ಸಿಟ್ಟು ಇನ್ನೂ ಆರಿರಲಿಲ್ಲ.

“ಇದನ್ನ ಸಾಹೇಬ್ರಿಗೆ ಕೊಟ್ರ ನಿನ್ನ ಕೆಲಸ?” ಕೇಳಿದವಳು ಸುಂದ್ರವ್ವ.

“ಹೋಗತೈತಿ, ಅತ್ತಿ.”

ಸುಂದ್ರವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ತಂದಿಟ್ಟಳು.

*

ಹೋಯಿತು ಕೂಡ. ಮರುದಿನ ಅವನು ಉತ್ತಮ ಸಾಹೇಬರಿಗೆ ಆ ಪ್ರತಿಯನ್ನೂ, ತಪ್ಪು ತನ್ನದೇ ಎಂಬ ಹೇಳಿಕೆಯನ್ನೂ ಬರೆದುಕೊಟ್ಟ. ಕೆಲಸದಿಂದ ನಿಲ್ಲಿಸಿದ್ದು ಅವನೊಬ್ಬನನ್ನೇ. ಇಷ್ಟು ವರ್ಷ ಕಣ್ಣೆದುರೇ ಗೆರೆ ಬೀಳುತ್ತಿದ್ದರೂ ಸುಮ್ಮನಿದ್ದ ಸಾಹೇಬರಿಗೆ ಏನೂ ಆಗಲಿಲ್ಲ. ಸಪನಾಳ ನೋಟಿಸು ಹಿಂದಕ್ಕೆ ಹೋಯಿತು. ಚಿಕ್ಕೋಡಿಯ ಸರ್ಕಾರಿ ಡಾಕ್ಟರ್, ಲ್ಯಾಬಿನ ಕೆಲಸಕ್ಕೆ ಅಡ್ಡಿ ಇಲ್ಲ, ಮೆಟ್ಟಿಲು ಹತ್ತಿಸಬಾರದು ಎಂದು ಬರೆದುಕೊಟ್ಟರು. ಸ್ಯಾಂಪಲ್ ತರಲು ಬೇರೊಬ್ಬನನ್ನು ಹಾಕಿದರು. ಅವನು ಬಾಟಲಿ ಇಡುವಾಗೆಲ್ಲ “ನಿನ್ನಿಂದ ನನ್ನ ಕಾಲ ಹೊಂಟಾವು ನೋಡಕ್ಕಾ” ಎಂದು ಚುಚ್ಚುತ್ತಿದ್ದ. ಆಕೆ ಕೇಳಿಸಿಕೊಂಡು ಕೆಲಸ ಮಾಡಿದಳು.

ಹಂಗಾಮು ಮುಗಿಯುವ ವಾರ ಶುಭಮ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ, ಕೈಯಲ್ಲಿ ಅಥಣಿಯ ಹಾಲಿನ ಡೈರಿಯೊಂದರ ಅರ್ಜಿ. ನೀನೇ ತುಂಬು ಅಂದ. ಆಕೆ ಕಲ್ಲಿನ ಬೆಂಚಿನ ಮೇಲೆ ಅವನ ಎಡಕ್ಕೆ ಕೂತಳು. ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು, ಒಂದೊಂದಕ್ಕೇ ಉತ್ತರ ಬರೆದಳು. ಕಿವಿಯ ಪ್ರಶ್ನೆ ಬಂತು. ಅವನ ಕೈ ಅರ್ಜಿಯ ಅಂಚನ್ನು ಒತ್ತಿ ಹಿಡಿಯಿತು.

“ಎಡಗಿವಿ ಕೇಳಂಗಿಲ್ಲ. ಬರಿ.”

“ಕೆಲಸ ಸಿಗದಿದ್ರ?”

“ಬಿಡ್ಲಿ. ಬರಿ.”

ಬರೆದಳು. ಪೆನ್ನಿನ ಟೊಪ್ಪಿಗೆ ಹಾಕಿದಳು.

“ಅವತ್ತ ಟ್ರ್ಯಾಕ್ಟರ್ ಹೊಂಟಾಗ ಈ ಮಗ್ಗಲದಾಗ ನಿಂತ ಒಂದ ಮಾತ ಹೇಳಿದ್ದೆ,” ಅಂದಳು ಜೋರಾಗಿ.

“ಏನ ಹೇಳಿದ್ದಿ?”

ಆಕೆ ಎದ್ದಳು. ಬೆಂಚನ್ನು ಸುತ್ತಿ, ಗಿಡ್ಡ ಕಾಲನ್ನು ಮರೆಮಾಡದೆ ನಿಧಾನ ನಡೆದು ಅವನ ಬಲಕ್ಕೆ ಬಂದು ಕೂತಳು. ಬಾಗಿ, ಅಂದಿನಷ್ಟೇ ಮೆಲ್ಲಗೆ ಹೇಳಿದಳು.

ಅವನು ಮುಖ ಹೊರಳಿಸಲಿಲ್ಲ. ನೇರ ಮುಂದೆ ನೋಡುತ್ತಲೇ ಇದ್ದ, ಕಣ್ಣುಗಳು ತುಂಬಿದ್ದವು.

“ಇನ್ನೊಮ್ಮಿ ಹೇಳು.”

“ಯಾಕ, ಕೇಳಿಸ್ಲಿಲ್ಲೇನ?”

“ಕೇಳಿಸ್ತು,” ಅಂದ ಶುಭಮ. “ಇನ್ನೊಮ್ಮಿ ಹೇಳು.”