ನಮ್ಮನೇವ್ರಿಗೆ ರಾತ್ರಿ ಅನ್ನ ಆಗಲ್ಲ

ಎಂಬತ್ತಾರನೇ ಇಸವಿ. ಆಫೀಸ್ ಮುಗಿಸಿ, ವಿಜಯನಗರದಲ್ಲಿ ಬಸ್ಸಿಳಿದು ತರಕಾರಿ ಗಾಡಿ ಹತ್ತಿರ ನಿಂತಿದ್ದೆ. ಪಕ್ಕದಲ್ಲೊಬ್ಬರು ಮೆಂತ್ಯದ ಸೊಪ್ಪು ಹಿಡ್ಕೊಂಡು, ಇದನ್ನ ಹೇಗೆ ಬೇಯಿಸೋದು ಅಂತ ಗಾಡಿಯವಳನ್ನ ಕೇಳ್ತಿದ್ರು. ಹೋಗಿ ಹೆಂಡ್ತೀನ ಕೇಳಪ್ಪ ಅಂದ್ಲು ಅವಳು. ಪಾಪ, ಅವರ ಕಿವಿಯೆಲ್ಲ ಕೆಂಪಾಯ್ತು. ನನ್ನ ಬಾಯಿ ಸುಮ್ನಿರಬೇಕಲ್ಲ, ಹೇಳ್ಕೊಟ್ಟೆ.

ಹೆಸರು ಕೆಂಪರಾಜು. ರಾಜಾಜಿನಗರದ ಪ್ರೆಸ್ಸಲ್ಲಿ ಕೆಲಸ. ಇರೋದು ಒಂದು ರೂಮು, ಒಂದು ಬತ್ತಿ ಸ್ಟವ್, ಒಂದು ಬಾಣಲೆ. ಅಷ್ಟು ಸಾಕು ಅಂದೆ. ಒಗ್ಗರಣೆಗೆ ಸೊಪ್ಪು ಹಾಕಿ ಬಾಡಿಸಿ, ಹೆಸರುಬೇಳೆ, ಗೋಧಿ ನುಚ್ಚು, ನೀರು ಹಾಕಿ ತಟ್ಟೆ ಮುಚ್ಚಿ. ಕೈಕಾಲು ತೊಳ್ಕೊಂಡು ಬಟ್ಟೆ ಒಗೆದು ಹಾಕೋಷ್ಟರಲ್ಲಿ ಊಟ ರೆಡಿ. ಇದೆಲ್ಲ ಯಾರು ಕಲಿಸಿದ್ದು ಅಂತ ಕೇಳಿದ್ರು.

“ಡಾಕ್ಟ್ರು. ನಮ್ಮನೇವ್ರಿಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಆಗಲ್ಲ.”

ನಾನು ಹೇಳಿದ್ದು ಅಪ್ಪನ ವಿಷಯ. ಮನೇಲಿರೋದೇ ನಾವಿಬ್ರು.

ಆಮೇಲೆ ದಿನಾ ಸಂಜೆ ಸಿಗೋರು. ತಳ ಹಿಡೀತು, ನೀರು ಜಾಸ್ತಿ ಆಯ್ತು ಅಂತ ದೂರು. ನಾನು ರೇಗಿಸಿದ್ರೆ ಬದನೆಕಾಯಿ ನೋಡ್ಕೊಂಡು ನಗೋರು, ನನ್ನ ಕಡೆ ತಿರುಗ್ತಾ ಇರಲಿಲ್ಲ. ಹೊರಡುವಾಗ ತಪ್ಪದೆ ಮನೇವ್ರು ಹೇಗಿದ್ದಾರೆ ಅಂತ ವಿಚಾರಿಸೋರು. ಮದುವೆ ಆದ್ರೆ ಅಪ್ಪ ಜೊತೆಗೇ ಬರ್ತಾರೆ ಅಂದಿದ್ದಕ್ಕೆ, ಹಿಂದೆ ನನ್ನ ನೋಡೋಕೆ ಬಂದ ಗಂಡುಗಳೆಲ್ಲ ಜಾಗ ಖಾಲಿ ಮಾಡಿದ್ರು. ಅಪ್ಪನ ಮೇಲೆ ಇಷ್ಟು ಅಕ್ಕರೆ ಇರೋ ಗಂಡಸು ಇವರೊಬ್ಬರೇ ಅಂತ ಒಳಗೊಳಗೇ ಕುಣಿದೆ. ಒಂದು ಮಾತು ಕೇಳಲಿ, ಹೂಂ ಅಂದ್ಬಿಡ್ತೀನಿ ಅಂತ ಕಾಯ್ತಿದ್ದೆ.

ಶ್ರಾವಣ ಬಂತು. ಒಂದು ಸಂಜೆ ಹುರುಳಿಕಾಯಿ ಆರಿಸ್ತಾ, ಮಾಗಡಿ ಕಡೆ ಹುಡುಗಿ ಜೊತೆ ನಿಶ್ಚಿತಾರ್ಥ ಆಯ್ತು ಅಂದ್ರು. ಮದುವೆಗೆ ಮನೇವ್ರನ್ನೂ ಕರ್ಕೊಂಡು ಬನ್ನಿ ಅಂದ್ರು. ಅಪ್ಪನಿಗೆ ಅಷ್ಟು ದೂರ ಬಸ್ಸು ಆಗಲ್ಲ ಅಂತ ಹೇಗೋ ಹೇಳಿದೆ.

“ನಿಮ್ಮ ತಂದೆ ಅಲ್ಲ. ನಿಮ್ಮೆಜಮಾನ್ರು.”

“ಯಾವ ಯಜಮಾನ್ರು?”

ಸಕ್ಕರೆ ಕಾಯಿಲೆ ಅಂದಿದ್ರಲ್ಲ ಅಂತ ತೊದಲಿದ್ರು. ಅಯ್ಯೋ ನನ್ನ ಕರ್ಮವೇ. ಅವತ್ತು ಅಪ್ಪನಿಗೆ ಅಂತಲೇ ಹೇಳೋಕೆ ನಂಗೇನಾಗಿತ್ತು? ಸಿಟ್ಟೂ ಬಂತು.

“ಕತ್ತಿನಲ್ಲಿ ತಾಳಿ ಇದೆಯಾ ಅಂತ ಒಂದ್ಸಲ ನೋಡಬಾರದಿತ್ತೇನ್ರಿ?”

“ಬೇರೆಯವರ ಹೆಂಡ್ತಿ ಅಂದ್ಕೊಂಡಿದ್ದೆ. ಹೇಗೆ ನೋಡ್ಲಿ?”

ಅವತ್ತು ಮೊದಲ ಸಲ ನನ್ನ ಮುಖ ನೇರವಾಗಿ ನೋಡಿದ್ರು. ಕಣ್ಣು ತುಂಬಿತ್ತು. ಮನೇಲಿ ಮಾತಾಡಿ ಈ ಮದುವೆ ನಿಲ್ಲಿಸ್ತೀನಿ ಅಂದ್ರು. ಹೂಂ ಅನ್ನೋಕೆ ಬಾಯಿ ತೆರೆದೆ. ನಿಶ್ಚಯ ಮುರಿದ ಹುಡುಗೀನ ಊರವರು ಸುಮ್ನೆ ಬಿಡ್ತಾರಾ? ಅವಳೇನು ತಪ್ಪು ಮಾಡಿದ್ಲು? ಬೇಡ ಅಂದೆ.

“ನಿಮಗೆ ನನ್ನ ಮೇಲೆ ಏನೂ ಇರಲಿಲ್ವಾ?”

“ಇತ್ತು. ಈಗಲೂ ಇದೆ. ಹೋಗಿ.”

ಮನೆಗೆ ಬಂದು ನುಚ್ಚು ಬೇಯಿಸಿದೆ. ಅಪ್ಪ ಎರಡನೇ ಸಲ ಹಾಕಿಸ್ಕೊಂಡು, “ನಿನ್ನ ಕಟ್ಕೊಳ್ಳೋನು ಪುಣ್ಯ ಮಾಡಿರ್ಬೇಕು ಕಣೇ,” ಅಂದ್ರು. ನೀರು ತರ್ತೀನಿ ಅಂತ ಹಿತ್ತಲಿಗೆ ಹೋಗಿ ಅಳ್ತಾ ನಿಂತೆ.