ಕೆನ್ನೆಯ ಮೇಲಿನ ಎಸಳು

"ಇದು ನಾನು ಬರೆದ ಚಿತ್ರ ಅಲ್ಲ ಅಂದ್ರೆ ಯಾರೂ ನಂಬ್ತಿಲ್ಲ. ಬುದ್ಧಿ ಕೆಟ್ಟಿದೆ ಅಂತ ಮಗ ನಾಳೆ ನನ್ನನ್ನ ವೃದ್ಧಾಶ್ರಮಕ್ಕೆ ಬಿಡ್ತಾನೆ. ಅಲ್ಲಿ ಕುಂಚ ಮುಟ್ಟೋಕೂ ಬಿಡಲ್ಲ," ಎಂದು ಚಿತ್ರಗಾರ್ತಿ, ಊರವರ ಗುಟ್ಟಿನ ಗಂಟು ಬಿಡಿಸುವ ಕನ್ನಡಕ ಮೇಷ್ಟ್ರ ಎದುರು ಕೈಮುಗಿದರು.

ತೀರಿಹೋದ ಮಗಳು ಕೆನ್ನೆಗೆ ಗುಲಾಬಿ ಒತ್ತಿಕೊಂಡಿದ್ದ ಚಿತ್ರ ಅದು. ಕಣ್ಣಿನ ಆಪರೇಷನ್ನಿಗೆ ಹೋಗಿ ತಿಂಗಳ ಮೇಲೆ ಮನೆಗೆ ಬಂದವರು, ಅದನ್ನು ನೋಡಿದ್ದೇ ತಡ, ತಮ್ಮ ಚಿತ್ರದ ಜಾಗದಲ್ಲಿ ಬೇರೆಯದಿದೆ ಎಂದು ಬೆಚ್ಚಿಬಿದ್ದಿದ್ದರು. ಮೇಷ್ಟ್ರ ಹಿಂದೆ ಹತ್ತಾರು ಕೇಸಿಗೆ ಅಲೆದ ದರ್ಜಿ ಚಿತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಟ್ಟ. ಉಳಿದಿದ್ದು ಒಂದೇ ಹಗಲು.

"ಬರೆಯೋವಾಗ ಮೊದಲು ಯಾವುದು, ತಾಯಿ? ಮುಖವೋ, ಹೂವೋ?" ಮೇಷ್ಟ್ರು ಕೇಳಿದರು.

"ಹೂವು. ಮುಖ ಕಾಯುತ್ತೆ, ಹೂ ಕಾಯಲ್ಲ."

ಮೂಲೆಯಲ್ಲಿ ಅವರ ಶಿಷ್ಯೆ ಅರ್ಧ ಬರೆದಿದ್ದ ಚಿತ್ರವಿತ್ತು. ಅದರಲ್ಲೂ ಹೂಗಳೆಲ್ಲ ಮುಗಿದು ಮುಖದ ಜಾಗ ಖಾಲಿಯಿತ್ತು. ಮೇಷ್ಟ್ರು ಭೂತಗನ್ನಡಿಯನ್ನು ದರ್ಜಿಯ ಕೈಗೆ ಕೊಟ್ಟು, "ಎಸಳಿನ ಅಂಚಲ್ಲಿ ಯಾವ ಬಣ್ಣ ಕೆಳಗಿದೆ ನೋಡಪ್ಪ," ಎಂದರು.

"ಕೆನ್ನೇದು. ಅಸ್ತರಿನ ಹಾಗೆ ಎಸಳಿನ ಅಡಿಗೆ ಹೋಗಿದೆ."

ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು: ಮಗ, ಶಿಷ್ಯೆ, ಮತ್ತು ಅಕ್ಕನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದ, ಶಾಲೆಯಲ್ಲಿ ಚಿತ್ರ ಕಲಿಸುವ, ಚಿತ್ರಗಾರ್ತಿಯ ತಂಗಿ.

"ಅಮ್ಮನ ಬುದ್ಧಿ ನೆಟ್ಟಗಿದೆ," ಎಂದರು ಮೇಷ್ಟ್ರು. "ಅವರು ಹೂ ಬರೆದು, ಅದರ ಸುತ್ತ ಕೆನ್ನೆ ಬರೀತಾರೆ. ಇಲ್ಲಿ ಕೆನ್ನೆಯ ಮೇಲೆ ಎಸಳು ಕೂತಿದೆ. ಹಾಗಾಗಿ ಇದು ನಕಲು. ಮಗನಿಗೆ ಕುಂಚ ಹಿಡಿಯೋಕೇ ಬರಲ್ಲ. ಶಿಷ್ಯೆಯ ಕೈ ಗುರುವಿನ ಹಾಗೇ ಹೂವಿಗೆ ಮೊದಲು ಹೋಗುತ್ತೆ. ಇದನ್ನ ಬರೆದವರಿಗಾದರೋ ಈ ಹುಡುಗಿಯ ಮುಖ ಬರೆಯೋಕೆ ಹೂ ಮುಗಿಯೋವರೆಗೂ ಕಾಯೋಕೆ ಆಗಲಿಲ್ಲ," ಎಂದು ತಂಗಿಯ ಕಡೆ ತಿರುಗಿದರು.

ತಂಗಿ ತಲೆತಗ್ಗಿಸಿದಳು. "ಅಸಲು ನನ್ನ ಪೆಟ್ಟಿಗೇಲಿದೆ ಅಕ್ಕ. ನನಗೂ ಒಂದು ಬರೆದುಕೊಡು ಅಂತ ಎಷ್ಟು ಸಲ ಕೇಳಿದೆ. ನೀನು ಆಸ್ಪತ್ರೇಲಿದ್ದಾಗ ನಕಲು ಬರೆದಿಟ್ಟೆ, ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ. ಆಶ್ರಮದ ಮಾತು ಬಂದಾಗ ಬಾಯಿಬಿಡೋ ಧೈರ್ಯ ಆಗಲಿಲ್ಲ."

"ಇಷ್ಟು ದಿನ ನನ್ನನ್ನ ಹುಚ್ಚಿ ಅನ್ನಿಸಿಬಿಟ್ಟೆಯಲ್ಲೇ."

"ತಪ್ಪಾಯ್ತು. ಆದರೆ ಕೊನೇ ಜ್ವರದಲ್ಲಿ ಅವಳು ನಿನ್ನ ಕರೀತಾನೇ ಇದ್ದಳು. ನೀನು ಚಿತ್ರ ಬರೆಯೋ ಕೋಣೆಯಿಂದಲೇ, ಹೂ ಬಾಡುತ್ತೆ, ತಡಿ ಬಂದೆ ಅಂದೆ."

ಮಗ ಎದ್ದು, ಆಶ್ರಮಕ್ಕೆಂದು ಅಮ್ಮನಿಗೆ ಕಟ್ಟಿಟ್ಟಿದ್ದ ಟ್ರಂಕಿನ ಬೀಗ ತೆಗೆದ. ಚಿತ್ರಗಾರ್ತಿ ನಕಲಿನ ಮುಂದೆ ನಿಂತು ಮಗಳ ಕೆನ್ನೆಯನ್ನು ಬೆರಳಿನಿಂದ ಸವರಿದರು.

"ಅಸಲು ನಿನ್ನ ಹತ್ತಿರವೇ ಇರಲಿ," ಎಂದರು ತಂಗಿಗೆ. "ನನಗೆ ಇದನ್ನ ಕೊಡು. ಇದರಲ್ಲಿ ಅವಳು ಮೊದಲು ಬಂದಿದ್ದಾಳೆ."