ಬುಧವಾರ ಒಂದು ಹತ್ತರ ಸಂದೇಶ

ಜುಲೈ 7, ಸೋಮವಾರ ಬೆಳಿಗ್ಗೆ 9.40ಕ್ಕೆ ಚಂಪಾ ಬರಿಗಾಲಲ್ಲಿ ಠಾಣೆಗೆ ಬಂದಳು. ಕೌಂಟರಿನಲ್ಲಿದ್ದವನು ಮಲಯ್‌ನಲ್ಲಿ ಕೇಳಿದ, ಇಂಗ್ಲಿಷಿನಲ್ಲಿ ಕೇಳಿದ, ಕೊನೆಗೆ ಒಳಕ್ಕೆ ಕೂಗಿದ: "ಧನುಶ್ರೀ, ನಿಮ್ಮ ಕಡೆಯವರು ಇರಬೇಕು, ಬಾ."

ಕಾನ್‌ಸ್ಟೇಬಲ್ ಧನುಶ್ರೀ ಮಲಯ್ ನಾಡಿನ ಕ್ಲಾಂಗಿನಲ್ಲೇ ಹುಟ್ಟಿದವಳು. ಅಪ್ಪ ಬ್ರಿಕ್‌ಫೀಲ್ಡ್ಸಿನ ಮೆಸ್ಸೊಂದರ ಅಡುಗೆಗೆ ಕುಂದಾಪುರದಿಂದ ಬಂದವರು. ಆ ಠಾಣೆಯಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

ಚಂಪಾಳ ವಯಸ್ಸು ಇಪ್ಪತ್ತಾರು, ಊರು ಅರಸೀಕೆರೆ ಹತ್ತಿರ. ಹೋಟೆಲ್ ಕೆಲಸ ಅಂತ ಕರೆತಂದು ಸುಬಾಂಗ್ ಜಯಾದ ಫ್ಲ್ಯಾಟೊಂದರಲ್ಲಿ ಕೂಡಿಹಾಕಿದ್ದರು. ಗಂಡಸರು ಬಂದು ಹೋಗುತ್ತಿದ್ದರು. ಇಂದು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ತರಿಸಿದಾಗ ಬಾಗಿಲು ತೆರೆದಿತ್ತು. ಒಂಬತ್ತು ಮಹಡಿ ಮೆಟ್ಟಿಲಿಳಿದು ಓಡಿ ಬಂದಿದ್ದಳು.

"ಇಟ್ಕೊಂಡಿದ್ದವರ ಹೆಸರು?"

"ದಿನಕ್ಕೊಂದು ಹೆಸರು ಹೇಳೋರು ಅಕ್ಕ. ಅವ್ರು ಸಿಗ್ಲಿ, ಬಿಡ್ಲಿ. ಒಬ್ಬ ಬರ್ತಿದ್ದ, ಶುಕ್ರವಾರ ಮಧ್ಯಾಹ್ನ. ಕನ್ನಡದೋನು. ಅವನು ಸಿಗ್ಬೇಕು."

"ಅವನೇ ಯಾಕೆ?"

"ಬೇರೆಯವ್ರಿಗೆ ನಾನು ಅಳೋದು ಕಾಣ್ತಿತ್ತು, ಹೇಳೋದು ತಿಳೀತಿರ್ಲಿಲ್ಲ. ಅವನಿಗೆ ಎಲ್ಲಾ ತಿಳೀತಿತ್ತು."

ಏಪ್ರಿಲ್ 11ರಂದು ಅವನ ಕಾಲು ಹಿಡಿದು ಹೇಳಿದ್ದಳಂತೆ: ನನ್ನನ್ನ ಬಲವಂತವಾಗಿ ಇಟ್ಕೊಂಡಿದ್ದಾರೆ, ಪೊಲೀಸಿಗೆ ಒಂದು ಮಾತು ತಿಳಿಸಿ. ಅವನು "ಆಯ್ತು, ನೋಡುವ" ಅಂದ. ಅವತ್ತೇ ಸಂಜೆ ಅವಳ ಚಪ್ಪಲಿ ಕಿತ್ತುಕೊಂಡರು, ಬಾಗಿಲಿಗೆ ಎರಡನೇ ಬೀಗ ಬಿತ್ತು. ಮುಂದಿನ ಶುಕ್ರವಾರ ಅವನು ಮತ್ತೆ ಬಂದ.

11.30ಕ್ಕೆ ಇನ್ಸ್‌ಪೆಕ್ಟರ್ ವಾರಿಜಾ ಫ್ಲ್ಯಾಟಿಗೆ ಹೋದರು. ಮನೆ ಖಾಲಿ. ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಮೂರು ಹಾಸಿಗೆ, ಹೊರಗಿನಿಂದ ಹಾಕುವ ಬೀಗ ಎರಡು. ಕೂಡಿಹಾಕಿದವರನ್ನು ಹುಡುಕುವ ಕೆಲಸ ಜಿಲ್ಲಾ ಕಚೇರಿಗೆ ಹೋಯಿತು. ಕನ್ನಡದವನು ಠಾಣೆಯ ಪಾಲಿಗೆ ಉಳಿದ.

ವಾರಿಜಾ ಇಪ್ಪತ್ತೆರಡು ವರ್ಷ ಸರ್ವಿಸಿನವರು, ಕೇರಳದಿಂದ ಬಂದ ಮನೆತನ, ಕನ್ನಡ ಬಾರದು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಹೆಸರಿಲ್ಲ, ನಂಬರಿಲ್ಲ. ಶುಕ್ರವಾರ, ಕನ್ನಡ. ಇಷ್ಟೇ ತಾನೆ ನಮ್ಮ ಹತ್ತಿರ ಇರೋದು? ಬಲೆ ಹಾಕೋಣ."

ಜುಲೈ 10ರಂದು ಅಂಥ ಜಾಹೀರಾತುಗಳು ಬರುವ ಒಂದು ಆ್ಯಪಿನಲ್ಲಿ ಠಾಣೆಯ ಫೋನಿನಿಂದ ಎರಡು ಸಾಲು ಹಾಕಿದರು. ಕನ್ನಡ ಮಾತಾಡುವ ಹೊಸ ಹೆಂಗಸು, ಸುಬಾಂಗ್ ಜಯಾ. ಸರ್ಕಾರಿ ವಕೀಲೆ ಮೊದಲೇ ಎಚ್ಚರಿಸಿದ್ದರು: "ಬಾಗಿಲು ತೆರೆದಿಡಿ. ಕೈ ಹಿಡಿದು ಎಳೀಬೇಡಿ. ಕೇಳೋದೂ ಅವರೇ, ದಿನ ಹೇಳೋದೂ ಅವರೇ. ನೀವು ಉತ್ತರ ಮಾತ್ರ ಕೊಡಿ."

ಮೊದಲ ದಿನ ಫೋನು ಕಾರ್ಪೊರಲ್ ಲಿಮ್ ಕೈಯಲ್ಲಿತ್ತು. ಮೂವತ್ತೊಂದು ಜನ ಬರೆದರು. ದಿನದ ಹಾಳೆಯಲ್ಲಿ ಮೂರೇ ಕಲಂ: ಹೊತ್ತು, ಜಾಗ, ದರ. ಅದಕ್ಕೆ ಸೇರದ್ದನ್ನು ಯಾರೂ ಬರೆಯುತ್ತಿರಲಿಲ್ಲ. ಕನ್ನಡದಲ್ಲಿ ಬಂದದ್ದಕ್ಕೆಲ್ಲ ಲಿಮ್ ಒಂದೊಂದು ಹೆಬ್ಬೆರಳಿನ ಚಿತ್ರ ಕಳಿಸಿ, ಮರುದಿನ ಫೋನನ್ನು ಧನುಶ್ರೀಗೆ ದಾಟಿಸಿದ. "ತಗೋ, ನಿನ್ನ ಊರಿನ ಮದುಮಗ ಒಬ್ಬ ಇದ್ದಾನೆ."

ಆ ಮದುಮಗ ಎರಡು ದಿನ ಜಾಗ ಕೇಳಿದ, ದರ ಕೇಳಿದ, ಶುಕ್ರವಾರ ಮಧ್ಯಾಹ್ನ ಆಗಬಹುದಾ ಅಂತ ಕೇಳಿದ. ಧನುಶ್ರೀ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. 13ರ ಭಾನುವಾರ ಅವನು ಬರೆದ: "ಬೇಡ ಬಿಡಿ. ನಾನು ಬರುವುದಿಲ್ಲ."

"ಓಡಿಹೋದ ಲಾ!" ಧನುಶ್ರೀ ಓದಿ ಹೇಳಿದ್ದಕ್ಕೆ ಲಿಮ್ ಅಲ್ಲಿಯವರ ರಾಗದಲ್ಲಿ ನಕ್ಕ.

ಚಂಪಾ ಆಶ್ರಯ ಮನೆಯಿಂದ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಸಿಕ್ಕಿದ್ನಾ ಅಕ್ಕ? ಅಷ್ಟೇ ಮಾತು. ಬುಧವಾರ ಕ್ಯಾಂಟೀನಿನಲ್ಲಿ ತಟ್ಟೆಯ ಪಕ್ಕ ಠಾಣೆಯ ಫೋನ್ ಇಟ್ಟುಕೊಂಡು ಕೂತಿದ್ದ ಧನುಶ್ರೀ ಒಂದು ಹತ್ತಕ್ಕೆ ಎಡಗೈಯಲ್ಲಿ ಆ ಮದುಮಗನಿಗೆ ಎರಡು ಪದ ಒತ್ತಿದಳು. ಊಟ ಆಯ್ತಾ? ಅವಳ ಮನೆಯಲ್ಲಿ ಯಾವ ಮಾತೂ ಶುರುವಾಗುವುದು ಹಾಗೇ. ಜಗಳವಾಡಿ ಮುಖ ತಿರುಗಿಸಿದ್ದ ಚಿಕ್ಕಪ್ಪನ ಹತ್ತಿರವೂ ಅಮ್ಮ ಹಾಗೇ ಮಾತು ತೆಗೆದಿದ್ದಳು. ಒಂದೇ ನಿಮಿಷದಲ್ಲಿ ಉತ್ತರ ಬಂತು. ಶುಕ್ರವಾರ ಬರುತ್ತೇನೆ ಎಂದಿದ್ದ.

ಜುಲೈ 18, ಮಧ್ಯಾಹ್ನ 1.20. ಕಚೇರಿಗಳಿಗೆ ಶುಕ್ರವಾರದ ನಮಾಜಿಗೆಂದು ಕೊಡುವ ಉದ್ದ ಬಿಡುವಿನ ಹೊತ್ತು. ಧನುಶ್ರೀ ಜಾಗವೆಂದು ಹೇಳಿದ್ದ ಹೋಟೆಲಿನ ಕೋಣೆಯ ಬಾಗಿಲು ತಟ್ಟಿದವನನ್ನು ವಾರಿಜಾ ಮತ್ತು ಲಿಮ್ ಹಿಡಿದರು. ದಾಮೋದರ, ವಯಸ್ಸು ಐವತ್ತೆರಡು, ಕ್ಲಾಂಗ್ ಬಂದರಿನ ಸರಕು ಕಂಪನಿಯೊಂದರಲ್ಲಿ ಮ್ಯಾನೇಜರ್. 4.30ಕ್ಕೆ ಆರು ಗಂಡಸರ ಸಾಲಿನಲ್ಲಿ ಚಂಪಾ ಅವನನ್ನು ತೋರಿಸಿದಳು.

"ಈ ಹೆಂಗಸು ಗೊತ್ತಾ?" ಧನುಶ್ರೀ ಕೇಳಿದಳು.

"ಇಲ್ಲ."

"ಅವಳಿಗೆ ನೀವು ಗೊತ್ತು."

"ಅವಳು ಏನೂ ಹೇಳ್ಬಹುದು. ಸಾಕ್ಷಿ ಉಂಟಾ? ನೀವು ಯಾವ ಊರಿನವರು ಮಾರಾಯ್ತಿ? ಕುಂದಾಪ್ರ ಕಡೆ ಅಲ್ವಾ?"

ಧನುಶ್ರೀ ಹಾಳೆ ಎತ್ತಿಕೊಂಡು ಎದ್ದಳು.

5.50ಕ್ಕೆ ಎರಡೂ ಫೋನು ಅವಳ ಮೇಜಿನ ಮೇಲಿದ್ದವು, ಅವನದೂ ಠಾಣೆಯದೂ. ಇನ್ನೂ ಸೀಲ್ ಆಗಿರಲಿಲ್ಲ. ವರದಿ ಬರೆಯಲು, ಫೋನು ತನ್ನ ಕೈಗೆ ಬಂದ ದಿನದಿಂದ ಸಂದೇಶಗಳನ್ನು ಸಾಲಾಗಿ ನೋಡುತ್ತಾ ಬುಧವಾರಕ್ಕೆ ಬಂದಾಗ ಅವಳ ಬೆರಳು ನಿಂತಿತು. ಬೇಡ ಅಂದವನನ್ನು ಮತ್ತೆ ಮಾತಿಗೆಳೆದದ್ದು ಅವಳೇ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಅಳಿಯುವ ಆ್ಯಪ್ ಅದು. ಓದಬಲ್ಲವರು ಠಾಣೆಯಲ್ಲಿ ಇನ್ಯಾರೂ ಇಲ್ಲ. ಹೊರಗೆ ಬೆಂಚಿನ ಮೇಲೆ ಚಂಪಾ ಯಾರೋ ಕೊಟ್ಟ ದೊಡ್ಡ ಚಪ್ಪಲಿ ಹಾಕಿಕೊಂಡು ಕೂತಿದ್ದಳು.

ಧನುಶ್ರೀ ಫೋನೆತ್ತಿಕೊಂಡು ವಾರಿಜಾ ಕೋಣೆಗೆ ಹೋದಳು.

"ಪುವಾನ್, ತಪ್ಪಾಗಿದೆ." ಠಾಣೆಯಲ್ಲಿ ಮೇಡಮ್ಮಿಗೆ ಎಲ್ಲರೂ ಹಾಗೆನ್ನುವುದು. ನಡೆದದ್ದನ್ನು ಹೇಳಿದಳು.

ವಾರಿಜಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ನೀನು ಹೇಳದಿದ್ರೆ ನನಗೆ ತಿಳೀತಿತ್ತಾ?"

"ಇಲ್ಲ, ಪುವಾನ್."

"ಒಂದು ವಾರದ ಕೆಲಸ, ಧನು."

"ಹೌದು, ಪುವಾನ್."

ವಾರಿಜಾ ಫೋನೆತ್ತಿ ಸರ್ಕಾರಿ ವಕೀಲೆಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಪೊಲೀಸರು ಬಲೆ ಹಾಕಿದ್ರು ಅನ್ನೋದೊಂದರಿಂದಲೇ ಈ ದೇಶದಲ್ಲಿ ಯಾರೂ ತಪ್ಪಿಸ್ಕೊಳ್ಳಲ್ಲ. ಆದ್ರೆ ಇವನು ಬಿಟ್ಟು ಹೋಗಿದ್ದ. ನೀವು ಕರೆದಿರಿ. ಅದರ ಮೇಲೆ ಬಂದದ್ದನ್ನ ನಂಬ್ಕೊಂಡು ನಾನು ಕೋರ್ಟಲ್ಲಿ ನಿಲ್ಲಲ್ಲ. ಇವತ್ತಿನ ಭೇಟಿ ಬಿಟ್ಬಿಡಿ. ಭಾನುವಾರಕ್ಕಿಂತ ಮುಂಚೆ ಅವನು ತಾನಾಗೇ ಬರೆದದ್ದು ಏನಾದ್ರೂ ಇದ್ರೆ ಕಳಿಸಿ. ಒಂದಕ್ಷರ ಬಿಡದೆ ಅನುವಾದ ಮಾಡಿ."

"ಇಲ್ಲಾಂದ್ರೆ?"

"ಎಂಟು ಗಂಟೆಗೆ ಅವನನ್ನ ಮನೆಗೆ ಕಳಿಸಿ."

ಧನುಶ್ರೀ ಮೊದಲ ದಿನದಿಂದ ಶುರುಮಾಡಿದಳು. ಲಿಮ್ ಕೈಯಲ್ಲಿ ಫೋನಿದ್ದ ಆ ದಿನದ ಸಂದೇಶಗಳನ್ನು ಅವಳು ಅಲ್ಲಿಯವರೆಗೆ ಮೇಲಕ್ಕೆ ಸರಿಸಿ ಓದಿಯೇ ಇರಲಿಲ್ಲ. ಹಾಳೆಯ ಮೂರು ಕಲಮಿನಲ್ಲಿ ಏನೂ ಇಲ್ಲದ್ದರಿಂದ ಯಾರೂ ಓದಿಸಿರಲಿಲ್ಲ. ಅಂದು ಸಂಜೆ 7.05ಕ್ಕೆ ದಾಮೋದರನಿಂದ ಬಂದದ್ದು ಒಂದು ಉದ್ದ ಸಂದೇಶ, ಕೆಳಗೆ ಲಿಮ್‌ನ ಹೆಬ್ಬೆರಳು. ಓದಿದಳು. ಮತ್ತೊಮ್ಮೆ ಓದಿದಳು.

"ನಾನು ನಂಬಿಕೆಯ ಜನ. ಮೊದಲಿನ ಜಾಗದವರನ್ನು ಕೇಳಿ ನೋಡಿ. ಅಲ್ಲಿ ಒಬ್ಬಳು ಏಪ್ರಿಲಿನಲ್ಲಿ ಪೊಲೀಸಿಗೆ ತಿಳಿಸಿ ಅಂತ ನನ್ನ ಹತ್ರ ಅತ್ತಿದ್ದಳು. ನಾನೇ ಅವರಿಗೆ ಹೇಳಿ ಬೀಗ ಹಾಕಿಸಿದ್ದು. ನನ್ನಿಂದ ನಿಮಗೆ ತೊಂದರೆ ಆಗುವುದಿಲ್ಲ."

ಯಾರೂ ಕೇಳಿರಲಿಲ್ಲ. ತನ್ನ ಒಳ್ಳೆಯತನಕ್ಕೆ ಪುರಾವೆಯೆಂದು ಅವನೇ ಬರೆದುಕೊಂಡದ್ದು. ಅನುವಾದ ಮುಗಿಸಿ, ಬುಧವಾರದ ತನ್ನ ಸಾಲನ್ನೂ ಅದರ ಜಾಗದಲ್ಲೇ ಬಿಟ್ಟು, 7.15ಕ್ಕೆ ಕಳಿಸಿದಳು. 7.40ಕ್ಕೆ ವಕೀಲೆಯ ಕರೆ ಬಂತು. ಮಾನವ ಕಳ್ಳಸಾಗಣೆ ತಡೆ ಕಾನೂನಿನಡಿ, ಕೂಡಿಹಾಕಿದವರಿಗೆ ನೆರವಾದ ಆರೋಪ. ಅಳಿಸದೆ ಕಳಿಸಿದ್ದೀರಿ, ಅದಕ್ಕೇ ಕೇಸು ನಿಲ್ಲುತ್ತದೆ, ಅಂದರು.

7.50ಕ್ಕೆ ದಾಮೋದರನ ಮುಂದೆ ವಾರಿಜಾ ಆ ಸಂದೇಶ ಇಟ್ಟು, ಬಂಧಿಸಿದ್ದೇವೆ ಅಂದರು. ಅವನು ಓದಿದ. ಶರಟಿನ ಗುಂಡಿ ಹಾಕಿಕೊಂಡ, ಬಿಚ್ಚಿದ.

"ಯಾಕೆ ಹೇಳಿದಿರಿ ಅವರಿಗೆ?" ಧನುಶ್ರೀ ಕೇಳಿದಳು.

"ಪೊಲೀಸ್ ಬಂದ್ರೆ ನನ್ನ ಹೆಸರೂ ಬರ್ತಿತ್ತಲ್ಲ." ತಾನೇ ಮುಂದುವರಿಸಿದ. "ಮತ್ತೆ... ಅವಳು ಹೋಗ್ತಿದ್ದಳು. ಮನೆಯಲ್ಲಿ ಮಕ್ಕಳು ಇಂಗ್ಲಿಷ್, ಹೆಂಡತಿ ಟೀವಿ. ಶುಕ್ರವಾರ ಒಂದು ಗಂಟೆ ಕನ್ನಡ ಮಾತಾಡಿ ಬರ್ತಿದ್ದೆ. ಅದೂ ಹೋಗ್ತದಲ್ಲ ಅಂತ ಅನ್ನಿಸ್ತು."

"ಅವಳ ಹೆಸರೇನು?"

ಅವನು ಮೇಲೆ ನೋಡಿದ. ನಿಜವಾಗಿ ನೆನಪಿಸಿಕೊಳ್ಳಲು ಹೊರಟವನ ಹಾಗೆ ಹುಬ್ಬು ಗಂಟಿಕ್ಕಿದ.

"ಕೇಳ್ಲಿಲ್ಲ," ಅಂದ.

ಧನುಶ್ರೀ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು. ಹೊರಗೆ ಬಂದಾಗ ಚಂಪಾ ಬೆಂಚಿನಿಂದ ಎದ್ದು ನಿಂತಳು.

"ಸಿಕ್ಕಿದ್ನಾ ಅಕ್ಕ?"

"ಸಿಕ್ಕಿದ. ಒಳಗೇ ಇರ್ತಾನೆ."

"ನಾನು ಹೇಳಿದ್ದು ಅವನಿಗೆ ತಿಳಿದಿತ್ತು ಅಂತ ಒಪ್ಕೊಂಡ್ನಾ?"

"ಒಪ್ಕೊಂಡ."

ಚಂಪಾ ಮತ್ತೆ ಕೂತಳು. ಅಳಲಿಲ್ಲ. ಬಹಳ ದೂರ ನಡೆದು ಬಂದವಳ ಹಾಗೆ ಚಪ್ಪಲಿ ಬಿಚ್ಚಿ, ಪಾದಗಳನ್ನು ತಣ್ಣನೆಯ ನೆಲದ ಮೇಲಿಟ್ಟಳು.